ಪಾಲು ಮೊದಲು, ಪ್ರೀತಿ ಆಮೇಲೆ

ಚಳಿಗಾಲ ಬಂತೆಂದರೆ ಈ ಅಮೆರಿಕದ ಟೀವಿಯಲ್ಲಿ ಒಂದೇ ಬಗೆಯ ಕತೆಗಳ ಸುಗ್ಗಿ. ದೊಡ್ಡ ನಗರದಲ್ಲಿ ಕೆಲಸ ಮಾಡುವ ಹುಡುಗಿಗೆ ವಕೀಲರಿಂದ ಒಂದು ಕಾಗದ ಬರುತ್ತದೆ. ಮುಖವನ್ನೇ ನೋಡಿರದ ಅಜ್ಜಿಯೊಬ್ಬಳು ಎಲ್ಲೋ ಒಂದು ಪುಟ್ಟ ಊರಿನಲ್ಲಿ ಅವಳಿಗೆ ಹಳೆಯ ಮನೆಯೊಂದನ್ನು ಬಿಟ್ಟುಹೋಗಿದ್ದಾಳೆ. ಮಾರಿ ಬರೋಣವೆಂದು ಹೋದವಳಿಗೆ ಅಲ್ಲಿ ದೊಡ್ಡಮ್ಮ, ಚಿಕ್ಕಪ್ಪ, ಅವರ ಮಕ್ಕಳು, ಜೊತೆಗೆ ಮನೆ ರಿಪೇರಿಗೆ ಬರುವ ಒಬ್ಬ ಒಳ್ಳೆಯ ಬಡಗಿ, ಎಲ್ಲರೂ ಸಿಗುತ್ತಾರೆ. ಎರಡು ಗಂಟೆಯೊಳಗೆ ಮನೆಯೂ ಉಳಿಯುತ್ತದೆ, ಮದುವೆಯೂ ಗೊತ್ತಾಗುತ್ತದೆ. ರಾಬಿನ್ ಕಾರ್ ಅವರು 2007ರಲ್ಲಿ ಬರೆಯತೊಡಗಿದ ‘ವರ್ಜಿನ್ ರಿವರ್’ ಕಾದಂಬರಿಗಳು 2019ರಲ್ಲಿ ನೆಟ್‌ಫ್ಲಿಕ್ಸ್ ಧಾರಾವಾಹಿಯಾದವು. ಅದರಲ್ಲೂ 2023ರ ಕಂತುಗಳಲ್ಲಿ ನಾಯಕಿಗೆ ತಾನು ಕಂಡೇ ಇರದ ಹೆತ್ತ ತಂದೆ ಸಿಗುತ್ತಾನೆ.

ನಾವು ಮಕ್ಕಳ ಜೊತೆ ಕೂತು ಇವನ್ನು ನೋಡುತ್ತೇವೆ, ‘ಅಡುಗೂಲಜ್ಜಿ ಕತೆ’ ಎಂದು ನಗುತ್ತೇವೆ. ಆದರೆ ಆ ಕತೆಯ ಹೊಟ್ಟೆಯೊಳಗಿರುವ ಪ್ರಶ್ನೆ ನಗುವಂಥದ್ದಲ್ಲ. ನಿನ್ನೆಯವರೆಗೆ ಯಾರೋ ಆಗಿದ್ದವರು ಇವತ್ತು ನಂಟರೆಂದು, ಪಾಲುದಾರರೆಂದು ಬಾಗಿಲಲ್ಲಿ ನಿಂತರೆ ನಾವು ಅವರಿಗೆ ಕೊಡಬೇಕಾದದ್ದು ಏನು? ಆಸ್ತಿಯೋ, ಪ್ರೀತಿಯೋ? ಎರಡೂ ಎನ್ನುವುದಾದರೆ ಯಾವುದು ಮೊದಲು?

ಟೀವಿ ಕತೆಗಳು ಈ ಪ್ರಶ್ನೆಯಿಂದ ಉಪಾಯವಾಗಿ ಜಾರಿಕೊಳ್ಳುತ್ತವೆ. ಮನೆಯ ಮೇಲೆ ಹಕ್ಕಿರುವವಳಿಗೂ ಮನೆಯನ್ನು ಪ್ರೀತಿಸುವವನಿಗೂ ಮದುವೆ ಮಾಡಿಬಿಟ್ಟರೆ ಪಾಲಿನ ಮಾತೇ ಏಳುವುದಿಲ್ಲ. ಈ ಉಪಾಯ ನಮಗೇನೂ ಹೊಸದಲ್ಲ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಅನೇಕ ಮನೆತನಗಳಲ್ಲಿ ನಡೆದುಬಂದದ್ದೇ. ‘ಸಂಬಂಧ ಬಿಟ್ಟುಹೋಗಬಾರದು’ ಎಂದು ಹಿರಿಯರು ಹೇಳುತ್ತಿದ್ದರು. ಗದ್ದೆ ತೋಟಗಳೂ ಬಿಟ್ಟುಹೋಗಬಾರದೆಂಬ ಎಣಿಕೆ ಆ ಮಾತಿನ ಜೊತೆಗೇ ಇರುತ್ತಿತ್ತು. ಪ್ರೀತಿಗೂ ಪಹಣಿಗೂ ಒಂದೇ ಗಂಟು ಹಾಕಿದರೆ, ಗಂಟು ಬಿಚ್ಚಬೇಕಾದ ದಿನ ಎರಡೂ ಹರಿಯುತ್ತವೆ ಎಂಬುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ.

ಷಾರ್ಲಟ್ ಬ್ರಾಂಟಿಯ ‘ಜೇನ್ ಏರ್’ 1847ರ ಕಾದಂಬರಿ. ನಮ್ಮಲ್ಲಿ ಹಲವರು ಅದನ್ನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದವರು. ಈ ಪ್ರಶ್ನೆಗಾಗಿ ಅದನ್ನು ಇನ್ನೊಮ್ಮೆ ಓದಬೇಕು. ಅನಾಥೆ ಜೇನ್ ಹಸಿದು ಸೋತು ಒಂದು ಮನೆಯ ಬಾಗಿಲಲ್ಲಿ ಬೀಳುತ್ತಾಳೆ. ಆ ಮನೆಯ ಅಣ್ಣ ಮತ್ತು ಇಬ್ಬರು ತಂಗಿಯರು ಯಾರು ಏನೆಂದು ತಿಳಿಯದೆಯೇ ಅವಳಿಗೆ ಆಸರೆ ಕೊಡುತ್ತಾರೆ. ತಿಂಗಳುಗಳು ಕಳೆದ ಮೇಲೆ ಸುದ್ದಿ ಬರುತ್ತದೆ: ಅವಳ ಚಿಕ್ಕಪ್ಪ ತೀರಿಕೊಂಡು 20,000 ಪೌಂಡುಗಳನ್ನು ಅವಳೊಬ್ಬಳಿಗೇ ಬಿಟ್ಟಿದ್ದಾನೆ. ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಆಸರೆ ಕೊಟ್ಟ ಆ ಮೂವರಿಗೆ ಅವನು ಸೋದರಮಾವ. ಹಳೆಯ ಜಗಳದ ಕಾರಣ ಅವರಿಗೆ ಬಿಟ್ಟದ್ದು ಮೂವತ್ತು ಗಿನಿ ಮಾತ್ರ. ಜೇನ್ ಒಂದು ಕ್ಷಣವೂ ತಡಮಾಡುವುದಿಲ್ಲ. ನಾಲ್ಕು ಸಮಪಾಲು, ತಲೆಗೆ 5,000.

ಮುಂದಿನದನ್ನು ಗಮನಿಸಬೇಕು. ಆ ಅಣ್ಣ ಪಾದ್ರಿ. ಮತಪ್ರಚಾರಕ್ಕೆ ನಮ್ಮ ಇಂಡಿಯಾಕ್ಕೇ ಹೊರಟವನು. ನನ್ನನ್ನು ಮದುವೆಯಾಗಿ ಜೊತೆಗೆ ಬಾ ಎಂದು ಜೇನಳನ್ನು ಒತ್ತಾಯಿಸುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಪಾಲು ಕೊಡುವಾಗ ಹಿಂದೆಮುಂದೆ ನೋಡದವಳು ತನ್ನನ್ನು ಕೊಡಲು ಒಪ್ಪುವುದಿಲ್ಲ. ಕೊನೆಗೆ ತಾನು ಮೆಚ್ಚಿದವನ ಬಳಿಗೆ ಹೋಗುವಾಗ ಅವಳು ಯಾರ ಹಂಗಿನವಳೂ ಅಲ್ಲ. ಪಾಲಿನ ಲೆಕ್ಕ ಬೇರೆ, ಪ್ರೀತಿಯ ಲೆಕ್ಕ ಬೇರೆ ಎಂದು ಅವಳು ಇಟ್ಟದ್ದರಿಂದಲೇ ಎರಡೂ ಶುದ್ಧವಾಗಿ ಉಳಿದವು.

ನಮ್ಮ ನೆಲದ ಕತೆಗೇ ಬರೋಣ. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಬಂತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ವಿಧವೆ ಸೊಸೆ ಕಾತ್ಯಾಯಿನಿ ಮೈಸೂರಿನ ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗು ಮಾತ್ರ ವಂಶದ ಕುಡಿಯೆಂದು ಅಜ್ಜನ ಮನೆಯಲ್ಲೇ ಉಳಿಯುತ್ತದೆ. ಮುಪ್ಪಿನಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ದಾಯಾದಿಗೆ ಆಸ್ತಿ ಹೋಗಬಾರದೆಂಬ ಛಲಕ್ಕೆ ಬೇರೊಬ್ಬನಿಂದ ಪಡೆದ ಮಗ ತಾವು! ಯಾವ ವಂಶಕ್ಕಾಗಿ ಒಬ್ಬ ತಾಯಿ ಮಗುವನ್ನು ಬಿಟ್ಟುಹೋಗಬೇಕಾಯಿತೋ ಆ ವಂಶದ ಬೇರೇ ಅಲ್ಲಾಡಿತು. ಆಗ ಅವರು ಮಾಡಿದ್ದು ಮಾತಿನ ಸಮಾಧಾನವಲ್ಲ. ನಿಜವಾದ ಹಕ್ಕುದಾರರನ್ನು ಹುಡುಕಿದರು, ಆ ಆಸ್ತಿ ತಮ್ಮದಲ್ಲವೆಂದು ಬಿಟ್ಟುಕೊಟ್ಟರು.

ಕರ್ಣನ ಕತೆ ಇದಕ್ಕೆ ವ್ಯತಿರಿಕ್ತ. ಅವನಿಗೆ ‘ನೀನು ನಮ್ಮವನು’ ಎಂದು ಹೇಳಿದ್ದು ಯಾವಾಗ? ಯುದ್ಧ ಹತ್ತಿರ ಬಂದು ಅವನಿಂದ ಕೆಲಸವಾಗಬೇಕಾದಾಗ. ಕೃಷ್ಣ ರಾಜ್ಯವನ್ನೂ ಸಂಬಂಧವನ್ನೂ ಒಟ್ಟಿಗೇ ಮುಂದಿಟ್ಟ. ಕುಂತಿಯ ತಾಯ್ತನ ಒಂದು ಬೇಡಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂತು. ಪಂಪನಿಂದ ಈಚೆಗೆ ಕನ್ನಡಿಗರ ಮನಸ್ಸು ಕರ್ಣನಿಗಾಗಿ ಮರುಗುತ್ತಲೇ ಇದೆ. ಕೊಡಬೇಕಾದ ಕಾಲದಲ್ಲಿ ಪಾಲು ಕೊಡದೆ, ತಮಗೆ ಬೇಕಾದ ಕಾಲದಲ್ಲಿ ನಂಟು ಹೇಳಿಕೊಂಡು ಬಂದರು ಎಂಬುದೇ ಆ ಮರುಕದ ಮೂಲವಿರಬೇಕು.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕವು 1994ರಲ್ಲೇ ತಿದ್ದುಪಡಿ ತಂದು, ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮೊಕದ್ದಮೆಯಲ್ಲಿ 2023ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು, ಮೊದಲ ಹೆಂಡತಿ ಇರುವಾಗಲೇ ಆದ ಎರಡನೆಯ ಮದುವೆಯಂಥ ಅಸಿಂಧು ಮದುವೆಯ ಮಕ್ಕಳಿಗೆ, ಕೂಡುಕುಟುಂಬದ ಆಸ್ತಿಯಲ್ಲಿ ತಂದೆಯ ಭಾಗಕ್ಕೆ ಬರುವುದರಲ್ಲೂ ಹಕ್ಕುಂಟು ಎಂದಿತು. ತಂದೆಯ ಪಾಲಿನಾಚೆ ಉಳಿದ ಬಂಧುಗಳ ಆಸ್ತಿಯಲ್ಲಿ ಅವರಿಗೆ ಹಕ್ಕಿಲ್ಲ. ಪಾಲು ಕೊಡಿಸುವುದು ಕೋರ್ಟಿನಿಂದ ಸಾಧ್ಯ. ‘ಅಣ್ಣಾ’ ಎಂದು ಕರೆಯಿಸುವುದು ಅದರ ಕೈಯಲ್ಲಿಲ್ಲ.

ಇನ್ನು ನಮ್ಮ ಮಾತು. ಊರಿನಿಂದ ಫೋನು ಬರುತ್ತದೆ, ಪವರ್ ಆಫ್ ಅಟಾರ್ನಿ ಕಳಿಸಿ ಎಂದು. ವಂಶವೃಕ್ಷದ ಸರ್ಟಿಫಿಕೇಟು ತೆಗೆಸುವಾಗ ಯಾರ ಹೆಸರು ಬರೆಸಬೇಕು, ಯಾರದನ್ನು ಬಿಡಬೇಕು ಎಂಬ ಪಿಸುಮಾತು ನಡೆಯುತ್ತದೆ. ತಂದೆಯ ಇನ್ನೊಂದು ಸಂಸಾರದ ಮಗನೊಬ್ಬ ತೀರಿಕೊಂಡ ಹದಿನೈದನೆಯ ದಿನ ಮೊದಲ ಬಾರಿಗೆ ಎದುರಾಗುವ ಮನೆಗಳೂ ಇವೆ. ಆಗ ಏಳುವ ಆಕ್ಷೇಪಣೆಗಳು ಮೂರು. ಅಪ್ಪನನ್ನು ಅವನು ನೋಡಿಕೊಳ್ಳಲಿಲ್ಲ ಎಂಬುದು ಒಂದು. ನೋಡಿಕೊಂಡವರ ಖರ್ಚನ್ನು ಮೊದಲು ತೆಗೆದಿಡೋಣ, ಅದು ನ್ಯಾಯವೇ. ತಾನು ಗಳಿಸಿದ್ದನ್ನು ಇಂಥವರಿಗೆ ಎಂದು ಉಯಿಲು ಬರೆಯುವ ದಾರಿಯೂ ತಂದೆಗೆ ಇತ್ತು. ಉಳಿದದ್ದು ಹುಟ್ಟಿನ ಹಕ್ಕು, ಚಾಕರಿಯ ಸಂಬಳವಲ್ಲ. ಏಳು ಸಮುದ್ರದಾಚೆ ಇರುವ ನಾವು ಈ ಆಕ್ಷೇಪಣೆ ಎತ್ತುವ ಮೊದಲು ಎರಡು ಸಲ ಯೋಚಿಸಬೇಕು.

ದುಡ್ಡಿಗಾಗಿಯೇ ಬಂದಿದ್ದಾನೆ ಎಂಬುದು ಎರಡನೆಯದು. ಇರಬಹುದು. ನಮ್ಮ ಪಾಲಿಗೆ ಸಹಿ ಹಾಕುವಾಗ ನಮ್ಮ ಪಿತೃಭಕ್ತಿಯನ್ನು ಯಾರೂ ತೂಗಿ ನೋಡಲಿಲ್ಲವಲ್ಲ! ಅಮ್ಮನಿಗೆ ನೋವಾಗುತ್ತದೆ ಎಂಬುದು ಮೂರನೆಯದು, ಇದೇ ನಿಜವಾದದ್ದು. ಈ ನೋವಿಗೆ ನಮ್ಮಲ್ಲಿ ಉತ್ತರವಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿ ಬಡಿಸು ಎಂದು ಆ ತಾಯಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ತಪ್ಪು ಮಾಡಿದವನು ತೀರಿಕೊಂಡ. ಅವನ ದಂಡವನ್ನು ಹುಟ್ಟಿದ ತಪ್ಪಿಗೆ ಮಗ ಕಟ್ಟಬೇಕೆ? ಅವನ ಪಾಲನ್ನು ಅವನಿಗೆ ತಲುಪಿಸಿ, ಅಮ್ಮನ ಮೌನವನ್ನು ಅಮ್ಮನಿಗೆ ಬಿಡುವುದು ಸಾಧ್ಯ.

ಹೊಸ ನಂಟರ ಮಾತೇಕೆ, ಒಡಹುಟ್ಟಿದ ಅಕ್ಕತಂಗಿಯರಿಗೆ ನಾವು ಮಾಡುತ್ತಿರುವುದೇನು? ‘ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಮ್ಮ, ತವರಿನ ಬಾಗಿಲು ನಿನಗೆ ಯಾವಾಗಲೂ ತೆರೆದಿರುತ್ತದೆ’ ಎನ್ನುತ್ತೇವೆ. ಸಹಿ ಹಾಕದಿದ್ದರೆ ಬಾಗಿಲು ಮುಚ್ಚುತ್ತದೆ ಎಂಬುದು ಅವಳಿಗೂ ಕೇಳಿಸುತ್ತದೆ. ಗೌರಿ ಹಬ್ಬದ ಬಾಗಿನಕ್ಕೆ ಎರಡು ಎಕರೆ ಬೆಲೆ ಕಟ್ಟಿದಂತಾಯಿತು. ತಾನಾಗಿ ಬೇಡವೆನ್ನುವ ತಂಗಿಯರೂ ಇದ್ದಾರೆ, ಅದು ಅವರ ದೊಡ್ಡತನ. ಆದರೆ ಕೈಗೆ ಬಂದದ್ದನ್ನು ಬಿಟ್ಟುಕೊಟ್ಟಾಗ ಮಾತ್ರ ಅದು ದೊಡ್ಡತನ. ತವರು ತಪ್ಪೀತೆಂಬ ಅಂಜಿಕೆಯಿಂದ ಬಿಟ್ಟರೆ ಅದಕ್ಕೆ ಬೇರೆ ಹೆಸರು.

ನಮಗನಿಸುವುದು ಇಷ್ಟು. ಪಾಲು ಸಾಲದ ಹಾಗೆ, ಕೊಡಬೇಕಾದದ್ದನ್ನು ಮೊದಲು ಕೊಡಬೇಕು. ಪಡೆದವನು ನಮ್ಮನ್ನು ಪ್ರೀತಿಸಲಿ ಬಿಡಲಿ. ಪ್ರೀತಿ ಬಂದರೆ ಅದು ಮೇಲಿನ ಲಾಭ. ಮಕ್ಕಳ ಮದುವೆಗೂ ಇದೇ ಮಾತು ಸಲ್ಲುತ್ತದೆ. ಹುಡುಗಿಯ ಸೈಟು ಮನೆ ಹುಡುಗಿಯ ಹೆಸರಿನಲ್ಲೇ ಇರಲಿ. ಮೆಚ್ಚಿಬಂದವನು ಮೆಚ್ಚಿದ್ದು ಯಾವುದನ್ನು ಎಂಬುದು ಅವನಿಗೂ ಸ್ಪಷ್ಟವಾಗುತ್ತದೆ.

ಈ ಬೇಸಿಗೆ ರಜಕ್ಕೆ ನಮ್ಮಲ್ಲಿ ಹಲವರು ಊರಿಗೆ ಹೊರಡುತ್ತಿದ್ದೇವೆ. ಕೆಲವರ ಕೈಚೀಲದಲ್ಲಿ ಆಸ್ತಿಯ ಕಾಗದಪತ್ರಗಳೂ ಇರುತ್ತವೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ಒಂದು ಮಧ್ಯಾಹ್ನ ಅಕ್ಕನನ್ನೋ ತಂಗಿಯನ್ನೋ ಒಬ್ಬಳನ್ನೇ ಕೂರಿಸಿಕೊಂಡು, ಬೇರೆ ಅಣ್ಣತಮ್ಮಂದಿರು ಯಾರೂ ಎದುರಿಗಿಲ್ಲದಾಗ, ‘ನಿನಗೇನು ಬೇಕು?’ ಎಂದು ಕೇಳೋಣ. ಅವಳು ಹೇಳಿ ಮುಗಿಸುವವರೆಗೆ ನಡುವೆ ಮಾತಾಡದಿರೋಣ.