ಮನೆ ಸಿದ್ಧವಾಯಿತು, ಚೌಕ ಸಿದ್ಧವಾಯಿತೇ?

॥ ಶ್ರೀ ವೀತರಾಗಾಯ ನಮಃ ॥



ಸೋಲಾಪುರ, ಅಕ್ಕಲಕೋಟೆ, ಜತ್ತ ಈ ಸೀಮೆಯಲ್ಲಿ ಹಿರಿಯರು ಕಟ್ಟಿಸಿದ ಮಣ್ಣಿನ ಮಾಳಿಗೆಯ ಮನೆಗಳು ಒಂದೊಂದಾಗಿ ಜೀರ್ಣೋದ್ಧಾರಗೊಳ್ಳುತ್ತಿವೆ. ಇದು ಸಂತೋಷದ ಸಂಗತಿ. ಹಳೆಯ ಮನೆಯನ್ನು ಬೇರುಸಹಿತ ಕೆಡವಿ ಹೊಸದನ್ನು ನಿಲ್ಲಿಸುವವನು ಎಷ್ಟು ಭೂಮಿಯನ್ನು ಅಗೆಯುತ್ತಾನೆ, ಎಷ್ಟು ಇಟ್ಟಿಗೆಯನ್ನು ಸುಡಿಸುತ್ತಾನೆ, ಎಷ್ಟು ನೀರನ್ನು ಚೆಲ್ಲುತ್ತಾನೆ ಎಂಬುದನ್ನು ಲೆಕ್ಕ ಹಾಕಿದರೆ, ಇದ್ದ ಕಲ್ಲು ಇದ್ದ ತೊಲೆಗಳನ್ನೇ ಉಳಿಸಿಕೊಂಡು ಮನೆಯನ್ನು ನೆಟ್ಟಗೆ ಮಾಡುವವನು ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ ಜೀವಗಳಿಗೆ ಮಾಡುವ ಬಾಧೆ ಬಹಳಷ್ಟು ಕಡಿಮೆ. ಹಿರಿಯರ ನೆನಪು ಉಳಿಯುತ್ತದೆ ಎಂಬುದು ಅದರ ಮೇಲಿನ ಲಾಭ.

ಆದರೆ ಈ ಕಾರ್ಯದಲ್ಲಿ ಒಂದು ವಿಚಿತ್ರವುಂಟು. ಮೊದಲ ತಿಂಗಳುಗಳಲ್ಲಿ ಮನೆಯ ಯಜಮಾನನು ಪ್ರತಿಯೊಂದು ತೊಲೆಯನ್ನೂ ತಟ್ಟಿ ನೋಡಿ, ಪ್ರತಿಯೊಂದು ಜಂತಿಯ ವಿಷಯದಲ್ಲಿಯೂ ನಾಲ್ಕು ಜನರನ್ನು ಕೇಳಿ ತೀರ್ಮಾನಿಸುತ್ತಾನೆ. ಮಾಳಿಗೆ ಮುಗಿದು, ಗಿಲಾವು ಮುಗಿದು, ಶಹಾಬಾದ ಫರಸಿಯ ಜಾಗದಲ್ಲಿ ನುಣುಪಾದ ಗ್ರಾನೈಟ್ ಕೂಡಿಸುವ ಹೊತ್ತಿಗೆ ಕೈಯಲ್ಲಿ ಹಣವೂ ಇರುವುದಿಲ್ಲ, ಮನಸ್ಸಿನಲ್ಲಿ ತಾಳ್ಮೆಯೂ ಇರುವುದಿಲ್ಲ. ಗೃಹಪ್ರವೇಶಕ್ಕೆ ಅಕ್ಷಯ ತದಿಗೆಯ ದಿನ ನಿಶ್ಚಯವಾಗಿರುತ್ತದೆ. ಪತ್ರಿಕೆಗಳು ಹಂಚಿಯಾಗಿರುತ್ತವೆ. ಆಗ ಗೌಂಡಿ ಕೇಳಿದ್ದಕ್ಕೆಲ್ಲ "ಆಗಲಿ" ಎಂಬ ಉತ್ತರ ಹೊರಡುತ್ತದೆ. ಮನೆಯು ಧರ್ಮದ ಮನೆಯಾಗಿ ಉಳಿಯುವುದೋ ಇಲ್ಲವೋ ಎಂಬುದು ಈ ಕೊನೆಯ ಒಂದು ತಿಂಗಳಲ್ಲಿಯೇ ತೀರ್ಮಾನವಾಗುತ್ತದೆ.

ಅಕ್ಕಲಕೋಟೆ ಕಡೆಯ ಒಂದು ಮನೆತನದಲ್ಲಿ ನಡೆದ ಮಾತನ್ನು ಇಲ್ಲಿ ಹೇಳಬಹುದು. ವೃದ್ಧ ತಾಯಿ, ಅಂಗಡಿ ನೋಡಿಕೊಳ್ಳುವ ಹಿರಿಯ ಮಗ, ಪುಣೆಯಲ್ಲಿ ನೌಕರಿಯಲ್ಲಿರುವ ಕಿರಿಯ ಮಗ. ಕೆಲಸ ಕೊನೆಯ ಹಂತಕ್ಕೆ ಬಂದಿತ್ತು. ಹಿತ್ತಲಿನ ಕಲ್ಲು ಕಟ್ಟಿದ ಬಾವಿಯ ಬಳಿ ನಿಂತು ಗೌಂಡಿ ಹೇಳಿದ: "ಸಾವಕಾರ್ರೇ, ಈ ಬಾವಿ ಇಟಗೊಂಡು ಏನು ಮಾಡತೀರಿ? ಬೋರಿನ ನೀರು ಅದ. ಮ್ಯಾಲೆ ಒಂದು ಸ್ಲ್ಯಾಬ್ ಹಾಕಿದರ ಎರಡು ಗಾಡಿ ನಿಲ್ಲತಾವ." ಕಿರಿಯವನಿಗೆ ಮಾತು ಹಿಡಿಸಿತು. ಹಿರಿಯವನು ಸುಮ್ಮನಿದ್ದ. ತಾಯಿ ಮಾತ್ರ, "ಮುಚ್ಚೋದಾದರ ಮುಚ್ಚರಿ. ಆದರ ಮುನಿಗಳು ಊರಿಗೆ ಬಂದ ದಿನ ನೀರು ಎಲ್ಲಿಂದ ತರೋದು ಅಂತ ಹೇಳಿ ಮುಚ್ಚರಿ" ಎಂದಳು.

ಈ ಪ್ರಶ್ನೆ ಸಣ್ಣದಲ್ಲ. ಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧವಾಗಿ ವಿಭಾಗಿಸಿದೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ತ್ಯಜಿಸಬೇಕು. ಒಲೆ ಹೊತ್ತಿಸುವುದು, ಕಸ ಗುಡಿಸುವುದು, ಕುಟ್ಟುವುದು ಬೀಸುವುದು, ಮನೆ ಕಟ್ಟಿಸುವುದು ಇವು ಆರಂಭೀ ಹಿಂಸೆಗೆ ಸೇರಿದವು. ಮನೆಯಲ್ಲಿ ಇರುವವನು ಇದರಿಂದ ಪೂರ್ಣವಾಗಿ ತಪ್ಪಿಸಿಕೊಳ್ಳಲಾರ. ಯತ್ನಾಚಾರದಿಂದ, ಅಂದರೆ ನೋಡಿ ಎಚ್ಚರದಿಂದ ಮಾಡಿ, ಕಡಿಮೆ ಮಾಡಿಕೊಳ್ಳಬಲ್ಲನು. ಹಾಗಾದರೆ ಉಳಿದ ಪಾಪಕ್ಕೆ ಗತಿಯೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಸ್ಪಷ್ಟ ಉತ್ತರವನ್ನು ಕೊಟ್ಟಿದ್ದಾರೆ. ಮನೆಗೆಲಸದಿಂದ ಕೂಡಿಬಿದ್ದ ಕರ್ಮವನ್ನು, ಮನೆಯನ್ನೇ ತೊರೆದ ಅತಿಥಿಗಳಿಗೆ ಮಾಡುವ ಸತ್ಕಾರವು ತೊಳೆಯುತ್ತದೆ ಎಂಬುದು ಅವರ ಅಭಿಪ್ರಾಯ. ಮನೆ ಇರುವವನ ಮನೆಯ ದೋಷ, ಮನೆ ಇಲ್ಲದವರ ಅಂಜಲಿಗೆ ನೀಡಿದ ಆಹಾರದಿಂದ ಕಳೆಯುತ್ತದೆ. ಹೀಗಿರುವಾಗ, ಲಕ್ಷಾಂತರ ರೂಪಾಯಿ ಸುರಿದು ಸರಿಮಾಡಿದ ಮನೆಯಲ್ಲಿ ಮುನಿಗಳಿಗೆ ಆಹಾರ ಕೊಡುವ ಅನುಕೂಲವನ್ನೇ ಅಳಿಸಿಹಾಕಿದರೆ, ಸಾಲ ಮಾತ್ರ ಉಳಿಸಿಕೊಂಡು ಅದನ್ನು ತೀರಿಸುವ ದಾರಿಯನ್ನು ಮುಚ್ಚಿದಂತಾಯಿತು. ವ್ಯಾಪಾರ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಕ್ಷಯ ತದಿಗೆಯೂ ಈ ಮಾತನ್ನೇ ನೆನಪಿಸುವ ದಿನ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವಂತೆ, ಭಗವಾನ್ ಆದಿನಾಥರು ಆರು ತಿಂಗಳ ಯೋಗವನ್ನು ಮುಗಿಸಿ ಆಹಾರಕ್ಕಾಗಿ ಊರೂರು ವಿಹರಿಸಿದರು. ಜನರಿಗೆ ಭಕ್ತಿ ಇರಲಿಲ್ಲವೆಂದಲ್ಲ. ರತ್ನಗಳನ್ನು ತಂದರು, ವಸ್ತ್ರಾಭರಣಗಳನ್ನು ತಂದರು, ಆನೆ-ಕುದುರೆ, ಕನ್ಯೆಯರನ್ನು ಸಹ ತಂದು ಮುಂದೆ ನಿಲ್ಲಿಸಿದರು. ಮುನಿಗೆ ಬೇಕಾದುದು ಏನು, ಅದನ್ನು ಕೊಡುವ ವಿಧಿ ಏನು ಎಂಬುದು ಒಬ್ಬರಿಗೂ ತಿಳಿದಿರಲಿಲ್ಲ. ಸ್ವಾಮಿಯು ಮೌನದಿಂದ ಮುಂದೆ ನಡೆದರು. ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮನಾದ ಶ್ರೇಯಾಂಸನಿಗೆ ಜಾತಿಸ್ಮರಣವುಂಟಾಗಿ, ಪೂರ್ವಭವದಲ್ಲಿ ಚಾರಣ ಮುನಿಗಳಿಗೆ ಆಹಾರ ಕೊಟ್ಟ ವಿಧಿಯು ನೆನಪಾಯಿತು. ಅವನು ಕೊಟ್ಟದ್ದು ಕಬ್ಬಿನ ರಸ. ಸಂಪತ್ತಿನಿಂದ ತುಂಬಿದ ಎಷ್ಟು ಮನೆಗಳ ಬಾಗಿಲುಗಳನ್ನು ದಾಟಿ ಸ್ವಾಮಿಯು ಆ ಬಾಗಿಲಿಗೆ ಬಂದಿರಬೇಕು! ಆ ಮನೆಗಳಲ್ಲಿ ಕೊರತೆಯಾಗಿದ್ದುದು ಹಣವಲ್ಲ, ತಿಳಿವಳಿಕೆ. ಇಂದು ಅದೇ ದಿನ ಬಂಗಾರ ಕೊಳ್ಳುವ ರೂಢಿ ಬಲವಾಗಿದೆ. ಅದರ ಮಾತು ಇಲ್ಲಿ ಬೇಡ.

ಈಗ ಬಾವಿಯ ವಿಷಯ. ಮುನಿಗಳ ಆಹಾರಕ್ಕೆ ಬಾವಿಯಿಂದ ಸೇದಿದ ನೀರನ್ನೇ ಬಳಸುವುದು ಪರಂಪರೆ. ಎರಡು ಮಡಿಕೆ ಮಾಡಿದ ದಪ್ಪ ಅರಿವೆಯಿಂದ ಸೋಸಿದ ನೀರು ಎರಡು ಘಳಿಗೆ, ಅಂದರೆ 48 ನಿಮಿಷ ಶುದ್ಧವೆಂದು ಹಿರಿಯರ ಕಟ್ಟಳೆ. ಸೋಸುವುದನ್ನು ಎಲ್ಲರೂ ಬಲ್ಲರು. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಜೀವಗಳ ಗತಿಯನ್ನು ವಿಚಾರಿಸುವವರು ವಿರಳ. ಆ ಅರಿವೆಯನ್ನು ಸೋಸಿದ ನೀರಿನಿಂದಲೇ ತಿರುವಿ ತೊಳೆದು, ತೊಳೆದ ನೀರನ್ನು ಬಂದ ಬಾವಿಗೇ ಮರಳಿಸಬೇಕು. ಅದಕ್ಕೆ ಜೀವಾಣಿ ಎನ್ನುತ್ತಾರೆ. ಅದನ್ನು ಮೇಲಿನಿಂದ ಸುರಿಯುವಂತಿಲ್ಲ. ತಳದಲ್ಲಿ ಕಡೆ ಇರುವ ಬಕೆಟ್ಟನ್ನು ನೀರಿನ ಮಟ್ಟದವರೆಗೆ ಇಳಿಬಿಟ್ಟು, ಅಲ್ಲಿ ಮಗುಚಬೇಕು. ಯಾವ ನೀರಿನಲ್ಲಿ ಹುಟ್ಟಿದವೋ ಆ ನೀರನ್ನೇ ಸೇರಿದರೆ ಮಾತ್ರ ಅವು ಬದುಕಬಲ್ಲವು. ಕೊಳವೆಬಾವಿಯ ಕಬ್ಬಿಣದ ಬಾಯಿಗೆ ಯಾರು ಏನನ್ನು ಮರಳಿಸಬಲ್ಲರು? ಅಲ್ಲಿಂದ ನೀರು ಬರುತ್ತದೆ, ಅಲ್ಲಿಗೆ ಏನೂ ಹೋಗುವುದಿಲ್ಲ.

"ಬಸದಿಯ ಬಾವಿಯಿಂದ ಒಂದು ಕೊಡ ತಂದರಾಯಿತು" ಎನ್ನುವವರಿದ್ದಾರೆ. ತರಬಹುದು. ಆದರೆ ಪ್ರತಿಬಾರಿಯೂ ಜೀವಾಣಿಯನ್ನು ಅಲ್ಲಿಯವರೆಗೆ ಹೊತ್ತು ಹೋಗಿ ಬಿಡುವವರು ಯಾರು? ಊರಿನ ಎಲ್ಲ ಮನೆಗಳೂ ಹೀಗೆಯೇ ಹೇಳಿದರೆ ಮುನಿಸಂಘವು ಊರಿಗೆ ಬಂದ ದಿನ ಒಂದೇ ಬಾವಿಯ ಸುತ್ತ ಎಷ್ಟು ಹಗ್ಗಗಳು ಇಳಿಯಬೇಕು? "ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ" ಎಂಬ ಇನ್ನೊಂದು ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಈ ಸೀಮೆ ಬರಗಾಲದ್ದು. ಅದಕ್ಕೂ ಉಪಾಯ ಇದೇ ಕೊನೆಯ ಹಂತದಲ್ಲಿ ಇದೆ. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 9,000 ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಮಾಳಿಗೆಯ ದೋಣಿಗಳಿಂದ ಬೀದಿಗೆ ಹರಿಯುವ ಆ ನೀರಿನ ಬಹುಭಾಗವನ್ನು ಮರಳು-ಜಲ್ಲಿ ತುಂಬಿದ ಒಂದು ಗುಂಡಿಯ ಮೂಲಕ ಬಾವಿಯ ಕಡೆಗೆ ತಿರುಗಿಸಲು ನಾಲ್ಕು ಪೈಪು ಸಾಕು. ಗೌಂಡಿ ಇನ್ನೂ ಮನೆಯಲ್ಲಿ ಇರುವಾಗ ಇದು ಒಂದೆರಡು ದಿನದ ಕೆಲಸ. ಅವನು ಹೋದ ಮೇಲೆ ಯಾರೂ ಮಾಡಿಸುವುದಿಲ್ಲ. ಮೇಲೆ ಕಬ್ಬಿಣದ ಜಾಳಿಯ ಮುಚ್ಚಳವನ್ನು ಕೂಡಿಸಿದರೆ ಮಕ್ಕಳಿಗೂ ಭಯವಿಲ್ಲ, ಗುಬ್ಬಿ-ಪಾರಿವಾಳಗಳೂ ಬಿದ್ದು ಸಾಯುವುದಿಲ್ಲ.

ಆ ಮನೆಯಲ್ಲಿ ಏನಾಯಿತೆಂದರೆ, ತಾಯಿಯ ಮಾತಿಗೆ ಗಂಡುಮಕ್ಕಳಿಂದ ಉತ್ತರ ಬರಲಿಲ್ಲ. ಕೊಲ್ಹಾಪುರ ಕಡೆಯಿಂದ ಬಂದ, ಕನ್ನಡ ಅರ್ಧಮರ್ಧ ಬರುವ ಕಿರಿಯ ಸೊಸೆಯೇ ಮಾತೆತ್ತಿದಳು. ತನ್ನ ತವರುಮನೆಯಲ್ಲಿ ವಿಹೀರ ಮುಚ್ಚಿದ ಮೇಲೆ ಚೌಕ ನಿಂತುಹೋಯಿತು, ಅಜ್ಜಿ ಕೊನೆಯವರೆಗೂ ಅದನ್ನು ಆಡಿಕೊಂಡಳು ಎಂದು ಹೇಳಿದಳು. ಬಾವಿ ಉಳಿಯಿತು. ಹಿತ್ತಲಿನಲ್ಲಿ ಒಂದು ಗಾಡಿಗೆ ಮಾತ್ರ ಜಾಗವಾಯಿತು. ಅಣ್ಣನದು ಒಳಗೆ, ತಮ್ಮನು ಹಬ್ಬಕ್ಕೆ ಬಂದಾಗ ತನ್ನ ಕಾರನ್ನು ಬೀದಿಯಲ್ಲಿಯೇ ನಿಲ್ಲಿಸುತ್ತಾನೆ. ಆ ವಿಷಯದಲ್ಲಿ ಅವನ ಮುಖ ಇನ್ನೂ ಪೂರ್ತಿ ಸಡಿಲಾಗಿಲ್ಲ.

ಬಾವಿಯಂತೆಯೇ ಅಡುಗೆಮನೆ. ಹಳೆಯ ಮಾಳಿಗೆಮನೆಗಳಲ್ಲಿ ಒಲೆಯ ನೇರಕ್ಕೆ ಬೆಳಕಿಂಡಿ ಇರುತ್ತಿತ್ತು. ಈಗ ಅದನ್ನು ಮುಚ್ಚಿ ಕೆಳಗೆ ಪಿ.ಓ.ಪಿ. ಸೀಲಿಂಗು ಕೂಡಿಸುತ್ತಾರೆ, ಹಾಡುಹಗಲೇ ದೀಪ ಹಚ್ಚಬೇಕಾಗುತ್ತದೆ. ಮುನಿಗಳು ಹಗಲಿನ ಸಹಜ ಬೆಳಕಿನಲ್ಲಿ, ದಿನಕ್ಕೆ ಒಂದೇ ಬಾರಿ, ನಿಂತುಕೊಂಡು, ಕರಪಾತ್ರದಲ್ಲಿ ಆಹಾರ ಸ್ವೀಕರಿಸುವವರು. ಪ್ರತಿಯೊಂದು ತುತ್ತನ್ನೂ ಕಣ್ಣಿಟ್ಟು ಶೋಧಿಸುವವರಿಗೆ ಕತ್ತಲ ಕೋಣೆಯಲ್ಲಿ ಏನು ಕಂಡೀತು? ಬೆಳಕಿಂಡಿಗೆ ಗಾಜು ಕೂಡಿಸಿ ಉಳಿಸಿಕೊಳ್ಳಿರಿ. ಅಡುಗೆಮನೆಯ ಗೋಡೆಗೆ ಅಂಟಿ ಶೌಚಾಲಯ ಬಾರದಂತೆ ನೋಡಿಕೊಳ್ಳಿರಿ. ಕಾಲು ತೊಳೆದು ಬರುವ ದಾರಿಯಲ್ಲಿ ನುಣುಪು ಕಲ್ಲು ಬೇಡ, ಹಳೆಯ ಫರಸಿಯೇ ಇರಲಿ.

ಬಣ್ಣ-ಹೊಳಪಿನ ವಿಷಯದಲ್ಲಿ ಹೆಚ್ಚು ಜನರಿಗೆ ತಿಳಿಯದ ಒಂದು ಸಂಗತಿಯಿದೆ. ಹಳೆಯ ಕಂಬ-ಬಾಗಿಲುಗಳಿಗೆ ಬಡಿಗೇರನು ಹಚ್ಚುವ ಸಾಂಪ್ರದಾಯಿಕ ಪಾಲಿಶು ಅರಗಿನಿಂದ ಆಗುತ್ತದೆ. ಅರಗು ಕೀಟಗಳಿಂದ ಬರುವಂಥದು. ಅರಗಿನ ವ್ಯಾಪಾರವನ್ನು ಶ್ರಾವಕನು ಮಾಡಬಾರದ ಖರಕರ್ಮಗಳಲ್ಲಿ ಎಣಿಸಿದ್ದಾರೆ. ಅಗಸೆ ಎಣ್ಣೆಯನ್ನು ಎರಡು ಮೂರು ಸಲ ತಿಕ್ಕಿದರೆ ಸಾಗವಾನಿಗೆ ಒಳ್ಳೆಯ ಕಳೆಯೇ ಬರುತ್ತದೆ. ಬಣ್ಣದ ಕುಂಚಗಳಲ್ಲಿ ಹಂದಿಯ ಕೂದಲಿನವು ಇರುತ್ತವೆ. ನೈಲಾನಿನವು ಅಂಗಡಿಯಲ್ಲಿ ಸಿಗುತ್ತವೆ, ಕೇಳಿ ಪಡೆಯಬೇಕು. ಗೆದ್ದಲು ಹತ್ತಿದ ಮೇಲೆ ವಿಷ ಹೊಡೆಸುವುದಕ್ಕಿಂತ, ಹತ್ತದಂತೆ ಕಂಬದ ಬುಡಕ್ಕೆ ಕಲ್ಲು ಕೊಡುವುದು ಮೇಲು. ಹಿರಿಯರು ಅದನ್ನೇ ಮಾಡಿದ್ದರು. ಜಂತಿಯ ಸಂದಿನಲ್ಲಿ ಗುಬ್ಬಿ ಮೊಟ್ಟೆಯಿಟ್ಟಿದ್ದರೆ ಮರಿ ಹಾರುವವರೆಗೆ ಆ ಅಂಕಣದ ಕೆಲಸ ನಿಲ್ಲಲಿ.

ಪಕ್ಕದ ಹಳೆಯ ಮನೆಯನ್ನೂ ಕೊಂಡು ನಡುವಿನ ಗೋಡೆಯನ್ನು ಒಡೆದು ಒಂದೇ ಮನೆ ಮಾಡುವವರಿಗೆ ಒಂದು ಮಾತು. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಕ್ಷೇತ್ರ-ವಾಸ್ತುಗಳನ್ನೇ ಮೊದಲು ಇಟ್ಟಿದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಎರಡನ್ನು ಕೂಡಿಸಿ ಒಂದೆಂದು ಎಣಿಸುವುದನ್ನೂ ಅತಿಚಾರವೆಂದೇ ಗಣಿಸಿದ್ದಾರೆ. ಒಂದೇ ಮನೆಯ ವ್ರತ ತೊಟ್ಟವನು ಗೋಡೆ ಕೆಡವಿ "ಒಂದೇ ಮನೆ" ಎಂದರೆ ಲೆಕ್ಕ ಸರಿಹೋಗುವುದಿಲ್ಲ. ನೂರಾರು ವರ್ಷಗಳ ಹಿಂದೆಯೇ ಆಚಾರ್ಯರಿಗೂ ಪಂಡಿತರಿಗೂ ಗೃಹಸ್ಥರ ಜಾಣತನ ಚೆನ್ನಾಗಿ ಗೊತ್ತಿತ್ತು.

ಇನ್ನು ಕೂಲಿಯ ಬಾಕಿ. ಗೌಂಡಿ, ಬಡಿಗೇರ, ಫರಸಿಯವ, ಬಣ್ಣದವ ಇವರ ಲೆಕ್ಕದಲ್ಲಿ ಕೊನೆಯ ಭಾಗವನ್ನು ಹಿಡಿದಿಟ್ಟುಕೊಳ್ಳುವುದು ವ್ಯವಹಾರದ ರೂಢಿ. ಕೆಲಸ ಮುಗಿಯುವವರೆಗೆ ಅದು ಸರಿಯೇ. ಮುಗಿದ ಮೇಲೆಯೂ "ಗೃಹಪ್ರವೇಶ ಆಗಲಿ", "ಮಳೆ ಬಂದು ಮಾಳಿಗೆ ಸೋರುತ್ತದೋ ನೋಡೋಣ", "ಹಬ್ಬದ ಮುಂದೆ ಬಾ" ಎಂದು ಅಡ್ಡಾಡಿಸುವುದು ಅಚೌರ್ಯ ವ್ರತಕ್ಕೆ ಮಸಿ. ಪಂಚಾಮೃತ ಅಭಿಷೇಕಕ್ಕೆ, ಶಾಂತಿ ವಿಧಾನಕ್ಕೆ, ಊಟಕ್ಕೆ ಮುಕ್ತಹಸ್ತದಿಂದ ಖರ್ಚು ಮಾಡಿ, ಅದೇ ಗೋಡೆ ಕಟ್ಟಿದವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಗಂಧೋದಕವನ್ನು ಆ ಗೋಡೆಗೆ ಪ್ರೋಕ್ಷಿಸಿ ಏನು ಫಲ? ಪತ್ರಿಕೆ ಹಂಚುವ ಮೊದಲೇ ಅವರ ಖಾತೆ ಮುಗಿಸಬೇಕು, ಮೊದಲ ಪತ್ರಿಕೆ ಅವರ ಕೈಗೇ ಹೋಗಬೇಕು.

ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಕನ್ನಡ-ಮರಾಠಿ ಎರಡೂ ಆಡುವ ಭೋಜ ಗ್ರಾಮದವರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಪಡೆದರು. ಇಂದಿಗೂ ಮುನಿಸಂಘಗಳು ಕುಂಥಲಗಿರಿಗೆ ವಿಹರಿಸುವಾಗ ಈ ಸೀಮೆಯ ಊರುಗಳನ್ನು ಹಾಯ್ದು ಹೋಗುತ್ತವೆ. ಮುನಿಗಳು ಆಮಂತ್ರಣದಿಂದ ಬರುವವರಲ್ಲ. ಮನಸ್ಸಿನಲ್ಲಿ ಒಂದು ವಿಧಿಯನ್ನು ಹಿಡಿದು ಹೊರಡುತ್ತಾರೆ. ಅದು ಕೂಡಿಬಂದ ಬಾಗಿಲಲ್ಲಿ ನಿಲ್ಲುತ್ತಾರೆ. ಯಾವ ಮನೆ, ಯಾವ ದಿನ ಎಂಬುದು ಯಾರಿಗೂ ತಿಳಿಯದು. ಆದುದರಿಂದ ಸಂಘವು ಊರಲ್ಲಿ ಇರುವಷ್ಟು ದಿನವೂ ಕಲಶ ಹಿಡಿದು, ಪತಿ-ಪತ್ನಿಯರು ಹೊಸ ಬಣ್ಣದ ಆ ಬಾಗಿಲಿನ ಮುಂದೆ ನಿಲ್ಲಬೇಕು. ಒಳಗೆ ಮಾತಾಡುವ ಭಾಷೆ ಕನ್ನಡವಿರಲಿ, ಮರಾಠಿಯಿರಲಿ, ಹಿಂದಿಯಿರಲಿ, ಬಾಗಿಲಿನಲ್ಲಿ ಹೇಳುವುದು ಎಲ್ಲರೂ ಒಂದೇ: ನಮೋಸ್ತು, ಅತ್ರ ತಿಷ್ಠ. ಮುನಿಗಳು ನಿಲ್ಲದೆ ಮುಂದಿನ ಮನೆಗೆ ನಡೆದರೆ ಕಲಶವನ್ನು ಒಳಗಿಟ್ಟು, ಶುದ್ಧ ವಸ್ತ್ರದಲ್ಲಿಯೇ ಆ ಮನೆಗೆ ಹೋಗಿ, ಅಲ್ಲಿಯವರೊಡನೆ ತಾವೂ ಒಂದು ತುತ್ತು ನೀಡುವುದು ರೂಢಿ. ಹೋಗುವಾಗ ಒಂದು ಕೊಡ ಸೋಸಿದ ನೀರನ್ನೂ ಒಯ್ಯಬಹುದು. ಆ ಮನೆಯ ಬಾವಿ ಈಗಾಗಲೇ ಮುಚ್ಚಿಹೋಗಿರಲೂ ಸಾಕು.

॥ ಜೈ ಜಿನೇಂದ್ರ ॥