ಅರ್ಥವಾಯಿತೇ?

ನೀವು ಯಾವ ಊರಿನ ಶಾಲೆಯಲ್ಲಿ ಓದಿದವರಾದರೂ ಸರಿ, ಈ ದೃಶ್ಯ ನಿಮಗೆ ಹೊಸದಲ್ಲ. ಪಾಠ ಮುಗಿಯುತ್ತದೆ. ಉಪಾಧ್ಯಾಯರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕೈಗಂಟಿದ ಪುಡಿಯನ್ನು ಕೊಡವಿಕೊಳ್ಳುತ್ತ, "ಎಲ್ಲರಿಗೂ ಅರ್ಥವಾಯಿತೇ?" ಎಂದು ಕೇಳುತ್ತಾರೆ. ಐವತ್ತು ಕಂಠಗಳು ಒಮ್ಮೆಗೇ "ಆಯ್ತು ಸಾರ್" ಎನ್ನುತ್ತವೆ. ಗಂಟೆ ಬಾರಿಸುತ್ತದೆ. ಆ ಐವತ್ತು ಮಂದಿಯಲ್ಲಿ ನಿಜವಾಗಿ ಅರ್ಥವಾದವರು ಎಷ್ಟು ಜನ ಎಂಬುದು ಕೇಳಿದವರಿಗೂ ತಿಳಿಯದು, ಹೇಳಿದವರಿಗೂ ತಿಳಿಯದು. ಹಾಗಾದರೆ ಆ ಉತ್ತರವನ್ನು ಸುಳ್ಳೆನ್ನಬಹುದೇ?

ಸುಳ್ಳೆಂದರೆ ಮಾತು ಕಠೋರವಾದೀತು. ಆ ಮಗುವಿಗೆ ವಂಚಿಸುವ ಉದ್ದೇಶವಿಲ್ಲ. ಗುರುಗಳೆದುರು ಬಾಯಿ ತೆರೆಯಬಾರದೆಂಬ ಸಂಕೋಚವಿದೆ. ಸಹಪಾಠಿಗಳು ನಕ್ಕಾರೆಂಬ ಅಂಜಿಕೆಯಿದೆ. ತನ್ನೊಬ್ಬನಿಂದಾಗಿ ಎಲ್ಲರ ಹೊತ್ತು ಹಾಳಾಗಬಾರದೆಂಬ ಸೌಜನ್ಯವೂ ಇರಬಹುದು. ಆದರೂ ಆ ಒಂದು ಮಾತಿನ ಫಲ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಕಾಣಿಸಿಕೊಳ್ಳದೆ ಇರುವುದಿಲ್ಲ. ಅಂಕಗಳು ಕಡಿಮೆಯಾದಾಗ ನಾವು ಮಗುವಿನ ಬುದ್ಧಿಯನ್ನು ದೂರುತ್ತೇವೆ, ಟ್ಯೂಷನ್ ಸಾಲಲಿಲ್ಲವೆನ್ನುತ್ತೇವೆ, ಹಣೆಬರಹವೆಂದೂ ಹೇಳುವುದುಂಟು. ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹಲವು ವರ್ಷ ಗಣಿತ ಬೋಧಿಸಿದ ನನಗೆ ಕಂಡದ್ದು ಬೇರೆ. ಬುದ್ಧಿ ಸಾಲದೆ ಸೋತವರು ವಿರಳ. ಎಂದೋ ಒಂದು ದಿನ ಅರ್ಥವಾಗದಿದ್ದರೂ "ಆಯ್ತು" ಎಂದು, ಆ ಪೊಳ್ಳಿನ ಮೇಲೆಯೇ ಮುಂದಿನ ಪಾಠಗಳನ್ನು ಹೇರಿಕೊಂಡು ಕುಸಿದವರೇ ಬಹಳ.

ಕುಣಿಗಲ್ ಕಡೆಯ ಹಳ್ಳಿಯೊಂದರಿಂದ ಬಂದು, ಗುಬ್ಬಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ನೋಟ್ ಪುಸ್ತಕ ನೋಡಲು ಹಬ್ಬ. ಪೈಥಾಗೊರಸನ ಪ್ರಮೇಯದ ಸಾಧನೆಯನ್ನು ಅಡಿಗೆರೆ ಸಹಿತ ಅಂದವಾಗಿ ಬರೆದಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಸೊನ್ನೆ. ಕರೆದು ಕೇಳಿದೆ: "ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಈ ಲಂಬವನ್ನು ಏಕಮ್ಮ ಎಳೆದೆವು?" ಅವಳು ತಲೆ ತಗ್ಗಿಸಿ, "ನೀವು ಎಳೆದ್ರಿ ಸಾರ್, ನಾನೂ ಎಳೆದೆ" ಎಂದಳು. ಆ ಲಂಬದಿಂದಾಗುವ ಎರಡು ಸಣ್ಣ ತ್ರಿಭುಜಗಳೂ ಮೂಲ ತ್ರಿಭುಜಕ್ಕೆ ಸಮರೂಪವಾಗುತ್ತವೆ ಎಂಬುದೇ ಸಾಧನೆಯ ಜೀವಾಳ. ಅದು ಅವಳ ಪುಸ್ತಕದಲ್ಲಿತ್ತು, ತಲೆಯಲ್ಲಿರಲಿಲ್ಲ. ಆ ಪಾಠದ ದಿನ ನಾನು "ಅರ್ಥವಾಯಿತೇ?" ಎಂದು ಕೇಳಿದ್ದೆನೇ? ಕೇಳಿದ್ದೆ. ಉತ್ತರ ಬರುವ ಮುನ್ನವೇ ಹಲಗೆಯ ಕಡೆಗೆ ತಿರುಗಿ ಒರೆಸತೊಡಗಿದ್ದೆ.

ಇಲ್ಲಿ ಇನ್ನೂ ಸೂಕ್ಷ್ಮವಾದುದೊಂದಿದೆ. ಪರರಿಗೆ ಹೇಳುವ ಸುಳ್ಳನ್ನು ಹೇಳಿದವನಾದರೂ ಬಲ್ಲ. ತನಗೆ ತಾನೇ ಹೇಳಿಕೊಳ್ಳುವ ಸುಳ್ಳನ್ನು ಹೇಳಿದವನೂ ಅರಿಯ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಕಳೆದ ಮೇಲೆ ಪುಸ್ತಕ ಮುಚ್ಚಿ ಬರೆದವರು ಅವರನ್ನು ಹಿಂದೆ ಹಾಕಿದ್ದರು. ನನ್ನನ್ನು ತಡೆದು ನಿಲ್ಲಿಸಿದ ಅಂಶ ಮತ್ತೊಂದು: ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಭರವಸೆ ಹೊಂದಿದ್ದವರು ಸೋತ ಗುಂಪಿನವರೇ! ಓದಿದ ಸಾಲು ಪರಿಚಿತವೆನಿಸಿದ ಮಾತ್ರಕ್ಕೆ ತಿಳಿಯಿತೆಂದು ಮನಸ್ಸು ತಲೆಯಾಡಿಸಿಬಿಡುತ್ತದೆ. ತರಗತಿಯ "ಆಯ್ತು ಸಾರ್" ಮನೆಯ ದೀಪದಡಿಯಲ್ಲೂ ಮುಂದುವರಿಯುತ್ತದೆಂದ ಹಾಗಾಯಿತು. ಆದುದರಿಂದ, ನಿಮ್ಮ ಮನೆಯ ಮಗು ಅಂದಿನ ಪಾಠವನ್ನು ಅಂದೇ ಸಂಜೆ ಪುಸ್ತಕ ಮುಚ್ಚಿ ಹತ್ತು ಸಾಲು ಬರೆಯಲಿ. ಎಲ್ಲಿ ಲೇಖನಿ ನಿಲ್ಲುತ್ತದೋ ಅಲ್ಲೊಂದು ಗುರುತು ಹಾಕಲಿ. ಮರುದಿನ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಇದಕ್ಕೆ ಖರ್ಚಿಲ್ಲ, ಕಾಲು ಗಂಟೆ ಸಾಕು.

ಕೇಳುವುದು ಅವಿನಯವೆಂಬ ಭಾವನೆ ನಮ್ಮಲ್ಲಿ ಹೇಗೆ ಬೇರೂರಿತೋ ಕಾಣೆ. ಗೂಳೂರು ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯನ್ನು ತೆರೆದರೆ ಆದ್ಯಂತ ಸಂವಾದವೇ. ಅಲ್ಲಿ ಯಾರೂ ಅಲ್ಲಮಪ್ರಭುವಿನ ಮಾತಿಗೆ ಸುಮ್ಮನೆ ತಲೆದೂಗಿ ಎದ್ದು ಹೋಗುವುದಿಲ್ಲ. ಅಷ್ಟು ದೂರವೇಕೆ? ಸಿದ್ಧಗಂಗೆಯ ಪ್ರಸಾದದ ಪಂಕ್ತಿಯಲ್ಲಿ ಕುಳಿತ ನಿಮ್ಮ ಬಾಲ್ಯವನ್ನೇ ನೆನೆಯಿರಿ. ಹಸಿದ ಹುಡುಗ ಇನ್ನೊಂದು ಮುದ್ದೆ ಕೇಳಲು ನಾಚುತ್ತಿದ್ದನೇ? ಬಡಿಸುವವರು ಒಮ್ಮೆ ಮಾತ್ರ ಬಂದು, ತಟ್ಟೆಯನ್ನು ನೋಡದೆ, "ಸಾಕಾಯಿತೇ?" ಎಂದು ಕೂಗಿ ಹೊರಟುಬಿಡುತ್ತಿದ್ದರೇ? ಅನ್ನದ ದಾಸೋಹದಲ್ಲಿ ನಮಗೆ ಸಹಜವಾದ ಈ ನಡತೆ ಅಕ್ಷರದ ದಾಸೋಹಕ್ಕೆ ಬಂದೊಡನೆ ಮಾಯವಾಗುತ್ತದೆ. ಹೊಟ್ಟೆಯ ಹಸಿವನ್ನು ಹೇಳಿಕೊಳ್ಳುವ ಮಗು ತಿಳಿವಿನ ಹಸಿವನ್ನು ಮುಚ್ಚಿಡುತ್ತದೆ.

ತಪ್ಪು ಮಗುವಿನದು ಮಾತ್ರವಲ್ಲ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಅಭ್ಯಸಿಸಿ, ಉಪಾಧ್ಯಾಯರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದೇ ಸೆಕೆಂಡು ಎಂದು ಕಂಡುಕೊಂಡರು. ಮೂರು ಸೆಕೆಂಡು ಕಾದ ಕಡೆಗಳಲ್ಲಿ ಮಕ್ಕಳ ಉತ್ತರಗಳು ದೀರ್ಘವಾದವು, ಮೌನಿಗಳು ಬಾಯಿಬಿಟ್ಟರು, ಮಕ್ಕಳೇ ಪ್ರಶ್ನಿಸತೊಡಗಿದರು. ಇದನ್ನು ನಾನು ಓದಿದ್ದು ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ. ಎಷ್ಟು ಸಾವಿರ ಸೆಕೆಂಡುಗಳನ್ನು ಜಿಪುಣನಂತೆ ಉಳಿಸಿ ಕಳೆದೆನೋ!

ಅಂಕ ಬಂದರಾಯಿತು, ಬಗೆ ಯಾವುದಾದರೇನು ಎನ್ನುವವರೂ ಇದ್ದಾರೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೊಠಡಿ ಕೊಠಡಿಗೂ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಿದರು. ಹಿಂದಿನ ವರ್ಷ ಶೇಕಡ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕಗಳನ್ನು ಹೆಚ್ಚಿಸಿಯೂ, 73.40ಕ್ಕೆ ಇಳಿಯಿತು. ಇದರ ಅರ್ಥವನ್ನು ನೀವೇ ಊಹಿಸಿರಿ. ನನಗೆ ಕನಿಕರವೆನಿಸುವುದು, ಹತ್ತು ವರ್ಷ "ಆಯ್ತು ಸಾರ್" ಎಂದೇ ಬೆಳೆದು, ಮೊದಲ ಬಾರಿಗೆ ಒಂಟಿಯಾಗಿ ಖಾಲಿ ಹಾಳೆಯೆದುರು ಕುಳಿತ ಮಕ್ಕಳನ್ನು ಕುರಿತು.

ಆ ಹುಡುಗಿಯ ವಿಷಯ ಅರ್ಧಕ್ಕೇ ನಿಂತಿತು. ಮರುವಾರ ಪಾಠ ಮುಗಿಸಿ, ಎಂದಿನ ಪ್ರಶ್ನೆ ಕೇಳಿ, ಈ ಸಲ ಹಲಗೆಯ ಕಡೆಗೆ ತಿರುಗದೆ ನಿಂತೆ. ಎರಡನೆಯ ಸಾಲಿನಿಂದ ಅವಳು ಎದ್ದು, ನೆಲ ನೋಡುತ್ತ, "ನಂಗೆ ಆಗ್ಲಿಲ್ಲ ಸಾರ್" ಎಂದಳು. ಹಿಂದಿನ ಬೆಂಚಿನವರು ನಕ್ಕರು. ಎಲ್ಲಿಂದ ತಿಳಿಯಲಿಲ್ಲವೆಂದು ಕೇಳಿದೆ, ಮೂರನೆಯ ಹೆಜ್ಜೆಯೆಂದಳು. ಅದನ್ನು ಒರೆಸಿ ಮತ್ತೆ ಬರೆಯತೊಡಗಿದಾಗ ತರಗತಿ ನಿಶ್ಶಬ್ದವಾಯಿತು. ತಿರುಗಿ ನೋಡಿದರೆ, ನಕ್ಕಿದ್ದವರಲ್ಲಿಯೇ ಮೂವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದ ಅದೇ ಹೆಜ್ಜೆಯನ್ನು ಸದ್ದಿಲ್ಲದೆ ಅಳಿಸುತ್ತಿದ್ದರು.