ಭಕ್ತನ ಮನೆಗೆ ಬೀಗವೇಕೆ?

ಸದ್ಭಕ್ತರ ಮನದಲ್ಲಿ ಆಗಾಗ ಏಳುವ ಒಂದು ಪ್ರಶ್ನೆಯುಂಟು. ಭಕ್ತನಾದವನು ಮನೆಗೆ ಬೀಗ ಹಾಕಬೇಕೆ? ಇರುವುದೆಲ್ಲವೂ ಶಿವನದೆಂದು ಬಾಯಲ್ಲಿ ಹೇಳುತ್ತ, ಹೊತ್ತು ಮುಳುಗುತ್ತಲೇ ಅಗುಳಿ ಸರಿಸಿ, ಚಿಲಕವನ್ನು ಜಗ್ಗಿ ನೋಡಿ, ತಿಜೋರಿಯ ಕೀಲಿಕೈಯನ್ನು ತಲೆದಿಂಬಿನ ಅಡಿಯಲ್ಲಿಟ್ಟುಕೊಂಡು ಮಲಗುವುದು ನಂಬಿಗೆಯ ಕೊರತೆಯಲ್ಲವೆ? ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆಯೆನಿಸಬಹುದು. ಆದರೆ ಸೊತ್ತು, ಭಯ, ನೆರೆಹೊರೆ, ನ್ಯಾಯ ಇವೆಲ್ಲವೂ ಆ ಒಂದು ಬೀಗದಲ್ಲಿ ಕೂಡಿಕೊಂಡಿರುವುದರಿಂದ ಇದನ್ನು ಸಾವಕಾಶವಾಗಿ ವಿಚಾರಿಸುವುದು ಲೇಸು.

ಬೀಗ ಬೇಡವೆನ್ನುವವರು ಮೊದಲು ಎತ್ತಿ ಹೇಳುವುದು ಬಸವಣ್ಣನವರ ನಡೆಯನ್ನು. ಕಳ್ಳರು ಅವರ ಮನೆಯ ಆಕಳುಗಳನ್ನು ಹೊಡೆದುಕೊಂಡು ಹೋದಾಗ ಪರಿವಾರದವರು ಬೊಬ್ಬೆಯಿಟ್ಟರು. ಅಣ್ಣನವರಾದರೋ ಅವರನ್ನು ತಡೆದು, ಒಯ್ದವರ ಮನೆಯಲ್ಲಿಯೂ ತಮ್ಮ ಮನೆಯಲ್ಲಿಯೂ ಇರುವ ದೈವವು ಒಂದೇ ಎಂದು ಸಮಾಧಾನ ಹೇಳಿದರು. ತಾಯಿಯನ್ನಗಲಿದ ಕರುಗಳು ಒರಲುವುದನ್ನು ಕೇಳಲಾರದೆ ಅವನ್ನೂ ಕಳ್ಳರಿಗೇ ಕಳುಹಿಸಿಕೊಟ್ಟರೆಂಬ ಕಥೆಯು ನಮ್ಮಲ್ಲಿ ಮನೆಮಾತಾಗಿದೆ. ಮೂಡಲಗಿಯ ದನದ ಪೇಟೆಯಲ್ಲಿ ಒಂದು ಹಯನಿನ ಎಮ್ಮೆಗೆ ಎಷ್ಟು ಹಣ ಎಣಿಸಬೇಕೆಂಬುದನ್ನು ಬಲ್ಲ ರೈತನಿಗೆ, ಕೊಟ್ಟಿಗೆ ಬರಿದಾದ ಬೆಳಗು ಹೇಗಿರುತ್ತದೆಂಬುದನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಅಂಥ ಬೆಳಗಿನಲ್ಲಿ ಕಳ್ಳನ ಮನೆಯ ಹಸಿವನ್ನು ನೆನೆಯುವುದು ಸಾಮಾನ್ಯರಿಂದ ಆಗುವ ಮಾತಲ್ಲ.

ಆದರೆ ಅದೇ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂಬುದನ್ನು ನಾವು ಮರೆಯಲಾಗದು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಅರಸನ ಕಿವಿಯೂದಿದಾಗ, ಲೆಕ್ಕ ನೋಡಿದರೆ ಒಂದು ಹೊನ್ನೂ ಕಡಿಮೆ ಬೀಳಲಿಲ್ಲವೆಂದು ಶರಣರ ಚರಿತ್ರೆಗಳು ಸಾರುತ್ತವೆ. ಆ ಭಂಡಾರಕ್ಕೆ ಕಳ್ಳರು ಕನ್ನವಿಟ್ಟಿದ್ದರೆ ಅಣ್ಣನವರು ಕೂಗಬೇಡಿರೆಂದು ಹೇಳುತ್ತಿದ್ದರೇ? ಎಂದಿಗೂ ಇಲ್ಲ. ತಮ್ಮದಾದ ಆಕಳನ್ನು ಬಿಟ್ಟುಕೊಡುವ ಅಧಿಕಾರ ಅವರಿಗಿತ್ತು. ಪ್ರಜೆಗಳ ತೆರಿಗೆಯಿಂದ ತುಂಬಿದ ಭಂಡಾರವನ್ನು ಬಿಟ್ಟುಕೊಡುವ ಅಧಿಕಾರ ಇರಲಿಲ್ಲ. ನನ್ನದನ್ನು ಕ್ಷಮಿಸಬಹುದು, ನನ್ನ ವಶಕ್ಕೆ ಒಪ್ಪಿಸಿದ್ದನ್ನು ಕಾಯಲೇಬೇಕು. ಈ ಭೇದವನ್ನು ಗ್ರಹಿಸಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತೆ.

ಪ್ರಿಯ ಓದುಗರೇ, ಈಗ ತಮ್ಮ ಮನೆಯ ಕಪಾಟನ್ನು ಈ ದೃಷ್ಟಿಯಿಂದ ಒಮ್ಮೆ ತೆರೆದು ನೋಡಿರಿ. ಅದರಲ್ಲಿರುವ ಸರವು ಮಡದಿಯ ತವರಿನವರು ಕೊಟ್ಟದ್ದು. ಬಳೆಗಳು ಮಗಳ ಮದುವೆಗೆಂದು ತೆಗೆದಿಟ್ಟವು. ಗಂಟಿನಲ್ಲಿರುವ ಹಣದಲ್ಲಿ ಒಂದಿಷ್ಟು ಕಬ್ಬು ಕಡಿದವರ ಕೂಲಿ, ಒಂದಿಷ್ಟು ಸ್ತ್ರೀಶಕ್ತಿ ಸಂಘದ ಉಳಿತಾಯ, ಇನ್ನೊಂದಿಷ್ಟು ಓಣಿಯವರು ಜಾತ್ರೆಗೆಂದು ಕೂಡಿಹಾಕಿದ ವಂತಿಗೆ. ಹೊಲದ ಕಾಗದಪತ್ರಗಳು ತಮ್ಮಂದಿರಿಗೂ ಸೇರಿದವು. ಇದು ಕೇವಲ ನನ್ನದೆಂದು ಹೇಳಬಹುದಾದ ವಸ್ತುವು ಆ ಕಪಾಟಿನಲ್ಲಿ ಎಷ್ಟಿದೆ? ಉಳಿದುದಕ್ಕೆಲ್ಲ ನೀವು ಒಡೆಯರಲ್ಲ, ಭಂಡಾರಿಗಳು. ಅದನ್ನು ಬಾಗಿಲು ತೆರೆದಿಟ್ಟು ಕಳೆದುಕೊಂಡು, ಎಲ್ಲವೂ ಶಿವನಿಚ್ಛೆ ಎಂದರೆ ಅದು ವೈರಾಗ್ಯವಾಗದು. ಸೋಮಾರಿತನಕ್ಕೆ ಬಳಿದ ವಿಭೂತಿಯಾದೀತು. ಬೀಗವು ಭಂಡಾರಿಯ ಕಾಯಕದ ಒಂದು ಭಾಗ.

ಕಾಯಕವೆಂದ ಮೇಲೆ ಅದನ್ನು ಅಚ್ಚುಕಟ್ಟಾಗಿ ಮಾಡಬೇಕು. ಮನೆಗಳ್ಳತನಕ್ಕೆ ನಾವಿಂದಿಗೂ ಕನ್ನಗಳವು ಎನ್ನುತ್ತೇವೆ. ಕನ್ನವೆಂದರೆ ಕಳ್ಳನು ಗೋಡೆಯಲ್ಲಿ ಕೊರೆದ ಕಿಂಡಿ. ನಮ್ಮ ಹಿರಿಯರ ಮನೆಗಳ ಗೋಡೆಗಳು ಮಣ್ಣಿನವು. ಆದುದರಿಂದ ಒಡವೆಗಳನ್ನು ನಡುಮನೆಯ ಒಳಗೋಣೆಯಲ್ಲಿಟ್ಟು, ಕಾಳನ್ನು ಹಗೇವಿನಲ್ಲಿ ಹೂಳಿಡುತ್ತಿದ್ದರು. ರಾತ್ರಿ ಊರ ತಳವಾರನು ಸುತ್ತು ಹಾಕುತ್ತಿದ್ದನು. ಇಂದು ಗೋಡೆಗಳು ಸಿಮೆಂಟಿನವಾಗಿವೆ, ಕನ್ನವು ಬಾಗಿಲಿಗೆ ಬಂದಿದೆ. ಹೊರಗೆ ತೂಗುವ ಬೀಗವೇ ಮನೆಯಲ್ಲಿ ಯಾರೂ ಇಲ್ಲವೆಂದು ಸಾರುವ ಫಲಕವಾಗುತ್ತದೆ. ಯುಗಾದಿಗೆ ಮುಂಚೆ ಕಂಬಿಯೊಡನೆ ಶ್ರೀಶೈಲಕ್ಕೆ ನಡೆದುಹೋಗುವ ನಮ್ಮ ಭಾಗದ ಭಕ್ತರು ವಾರಗಟ್ಟಲೆ ಮನೆ ಬಿಟ್ಟಿರುತ್ತಾರೆ. ಅಂಗಳದಲ್ಲಿ ಸಾರಣೆಯಿಲ್ಲ, ರಂಗೋಲಿಯಿಲ್ಲ, ಸಂಜೆ ದೀಪವಿಲ್ಲ. ನೋಡಬೇಕಾದವನು ಎಲ್ಲವನ್ನೂ ನೋಡಿಕೊಳ್ಳುತ್ತಾನೆ. ಹೊರಡುವಾಗ ಬಾಗಿಲೊಳಗೇ ಕೂರಿಸಿದ ಬೀಗವನ್ನು ಹಾಕಿರಿ. ಹಿತ್ತಲ ಬಾಗಿಲನ್ನು ಮರೆಯಬೇಡಿರಿ. ಕೀಲಿಕೈಯನ್ನು ತೊಲೆಯ ಸಂದಿನಲ್ಲಾಗಲಿ ಹೂವಿನ ಕುಂಡದ ಕೆಳಗಾಗಲಿ ಇಡಬೇಡಿರಿ. ನೆರೆಯವರಿಗೆ ಹೇಳಿ, ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿಸಿರಿ, ಸಂಜೆ ದೀಪ ಹಚ್ಚಿಸಿರಿ. ಠಾಣೆಗೂ ತಿಳಿಸಿರಿ. ಪ್ರಯಾಣದ ಚಿತ್ರಗಳನ್ನು ಮರಳಿ ಬಂದ ಮೇಲೆ ಮೊಬೈಲಿನಲ್ಲಿ ಹಂಚಿಕೊಂಡರೆ ನಷ್ಟವೇನೂ ಇಲ್ಲ. ಒಡವೆಗಳ ತೂಕ, ಚಿತ್ರ, ಪಾವತಿಗಳ ಒಂದು ಪಟ್ಟಿಯಿರಲಿ. ಕಳವಾದುದು ತಿಳಿದರೆ ಯಾವುದನ್ನೂ ಮುಟ್ಟದೆ 112ಕ್ಕೆ ಕರೆಮಾಡಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಕಳವು ಯಾವ ಠಾಣೆಯ ಹದ್ದಿನಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು.

ಬೀಗಕ್ಕೆ ಇನ್ನೂ ಒಂದು ಧರ್ಮಸೂಕ್ಷ್ಮವಿದೆ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಕೈಯಿಂದ ಮುಟ್ಟೆನೆಂದು ಆಣೆಯಿಟ್ಟವಳು ಶರಣೆ ಸತ್ಯಕ್ಕ. ಎಲ್ಲರಿಗೂ ಆ ನಿಷ್ಠೆ ಸಾಧ್ಯವಾಗದು. ಮಗುವಿನ ಔಷಧಕ್ಕೆ ಹಣವಿಲ್ಲದ ಕೂಲಿಯವನ ಕಣ್ಣೆದುರು ನೋಟಿನ ಕಟ್ಟನ್ನು ಕಟ್ಟೆಯ ಮೇಲೆ ಬಿಟ್ಟು ಒಳಗೆ ಹೋದ ಧಣಿಯು ಆ ಬಡವನನ್ನು ಅನ್ಯಾಯದ ಪರೀಕ್ಷೆಗೆ ಒಡ್ಡುತ್ತಾನೆ. ಆತನು ಸೋತರೆ ಪಾಪದಲ್ಲಿ ಧಣಿಯ ಪಾಲೂ ಇರುತ್ತದೆ. ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು ತಮ್ಮ ಟ್ರಂಕುಗಳನ್ನು ನೆನೆಯಿರಿ. ಆ ಪುಟ್ಟ ಬೀಗವನ್ನು ಮುರಿಯಲು ಒಂದು ಕಲ್ಲು ಸಾಕಾಗಿತ್ತು. ಆದರೂ ಅದು ಜೊತೆಯ ಹುಡುಗನ ಮನಸ್ಸು ಹಸಿದ ಗಳಿಗೆಯಲ್ಲಿ ಜಾರದಂತೆ ಹಿಡಿಯುತ್ತಿತ್ತು. ಹೀಗೆ ಬೀಗವು ನಮ್ಮ ಒಡವೆಯನ್ನಷ್ಟೇ ಅಲ್ಲ, ಪರರ ಶೀಲವನ್ನೂ ಕಾಯುತ್ತದೆ.

ಆದರೆ ಭಂಡಾರಿಯಾದವನು ಎಷ್ಟನ್ನು ಕೂಡಿಡಬೇಕು? ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟೊಂದು ನಮಗೇಕೆಂದು ಕೇಳಿ ಅದನ್ನು ಮರಳಿ ಸುರಿದು ಬರುವಂತೆ ಮಾಡಿದವಳು ಲಕ್ಕಮ್ಮ. ಆ ಮನೆಗೆ ಕಳ್ಳನ ಭಯವೆಲ್ಲಿಯದು? ನಾವಾದರೋ ಮದುವೆಯ ಮಂಟಪದಲ್ಲಿ ಮೈತುಂಬ ಬಂಗಾರ ತೋರಿಸಿ, ಆ ರಾತ್ರಿ ನಿದ್ದೆಯಿಲ್ಲದೆ ಹೊರಳುತ್ತೇವೆ. ಬ್ಯಾಂಕಿನ ಲಾಕರಿನಲ್ಲಿಟ್ಟರೆ ಚಿಂತೆ ಕಳೆಯಿತೆಂದು ತಿಳಿಯುವವರೂ ಒಂದು ಸಂಗತಿಯನ್ನು ಅರಿಯಬೇಕು. ರಿಸರ್ವ್ ಬ್ಯಾಂಕ್ 2021ರಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದಂತೆ, ಕಳವು, ದರೋಡೆ, ಬೆಂಕಿ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತುಗಳು ಹೋದರೆ ಬ್ಯಾಂಕಿನ ಹೊಣೆಯು ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತವಾಗಿದೆ. ಬಾಡಿಗೆ 2,000 ರೂಪಾಯಿಯಾದರೆ ಹೊಣೆ 2 ಲಕ್ಷ. ಒಳಗಿರುವುದು 10 ಲಕ್ಷದ್ದಾದರೂ ಅಷ್ಟೇ. ಲಾಕರು ಬೇಡವೆಂಬುದು ಇದರ ಅರ್ಥವಲ್ಲ. ಒಂದು ಮಿತಿಯ ಆಚೆಗೆ ಯಾವ ಬೀಗವೂ ನಿಶ್ಚಿಂತೆಯನ್ನು ಕೊಡಲಾರದು. ಕಾಯಲಾರದಷ್ಟನ್ನು ದಾಸೋಹಕ್ಕೋ ಬಡವಿದ್ಯಾರ್ಥಿಯ ಓದಿಗೋ ಹರಿಯಬಿಟ್ಟವನು ಭಾರವನ್ನೂ ಭಯವನ್ನೂ ಒಟ್ಟಿಗೆ ಇಳಿಸಿಕೊಳ್ಳುತ್ತಾನೆ.

ಬೀಗದ ಮಿತಿಯನ್ನು ಗೋಕಾಕದ ಜನರು ಕಣ್ಣಾರೆ ಕಂಡಿದ್ದಾರೆ. 2019ರ ಆಗಸ್ಟಿನಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯಗಳ ನೀರನ್ನೂ ಕೂಡಿಕೊಂಡು ಉಕ್ಕಿದ ಘಟಪ್ರಭೆಯು ಪಟ್ಟಣದೊಳಕ್ಕೆ ನುಗ್ಗಿದಾಗ ಸಾವಿರಾರು ಜನರು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ನೀರು ಯಾವ ಚಿಲಕವನ್ನೂ ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಆಸರೆಯಾಗುವುದು ಮನುಷ್ಯನೇ. ಹುಕ್ಕೇರಿಯ ಕಡೆಯವರು ಇದೇ ಪಾಠವನ್ನು ಬೇರೊಂದು ಬಗೆಯಲ್ಲಿ ಕಲಿಸಿದ್ದಾರೆ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದು ಸ್ಥಾಪಿತವಾಗಿ, ಜನರು ಕೂಡಿಯೇ ತಮ್ಮ ಹಳ್ಳಿಗಳಿಗೆ ಬೆಳಕನ್ನು ತಂದುಕೊಂಡರು. ಓಣಿಯ ದೀಪಕ್ಕಿಂತ ಹಳೆಯ ಕಾವಲುಗಾರನಿಲ್ಲ. ಅದು ಒಬ್ಬನ ಮನೆಯದಲ್ಲ, ಎಲ್ಲರದು. ಗಾಜಿನ ಚೂರು ನೆಟ್ಟ ಎತ್ತರದ ಗೋಡೆಯ ಹಿಂದೆ, ಪಕ್ಕದ ಮನೆಯವರ ಹೆಸರನ್ನೂ ಅರಿಯದೆ ಬದುಕುವವನಿಗೆ ಕ್ಯಾಮೆರಾವು ಕಳ್ಳನ ಚಿತ್ರವನ್ನು ತೋರಿಸಬಲ್ಲುದು. ಕೂಗಿದರೆ ಓಡಿಬರುವವರನ್ನು ಅದು ಒದಗಿಸಲಾರದು.

ನೆರೆಯವರ ಈ ಎಚ್ಚರವೇ ಸಂಶಯವಾಗಿ ಕೆಡುವ ಅಪಾಯವೂ ಉಂಟು. ಊರಲ್ಲಿ ಒಂದು ಕಳವಾದರೆ ಸಾಕು, ಊರ ಹೊರಗೆ ಗುಡಾರ ಹಾಕಿದ ಅಲೆಮಾರಿಗಳ ಮೇಲೆ, ಮನೆಯ ಕಸಮುಸುರೆಯವಳ ಮೇಲೆ, ಹೊಸದಾಗಿ ಬಂದ ಕೂಲಿಯವನ ಮೇಲೆ ಮೊದಲ ದೃಷ್ಟಿ ಬೀಳುತ್ತದೆ. ಇದು ಹೊಸ ರೋಗವಲ್ಲ. ಬ್ರಿಟಿಷ್ ಸರಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, 1911ರಲ್ಲಿ ಅದನ್ನು ದೇಶದ ಉದ್ದಗಲಕ್ಕೆ ವಿಸ್ತರಿಸಿತು. ಇಡೀ ಸಮುದಾಯಗಳ ಹೆಸರುಗಳು ಪೊಲೀಸರ ದಪ್ತರ ಸೇರಿದವು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಭಾಗದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಂಥವರನ್ನು ಇರಿಸಲು ವಸಾಹತುಗಳಾದವು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಅಳಿದಿಲ್ಲ. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ರದ್ದುಮಾಡಿತು. ಕಾಗದದ ಮೇಲಿನ ಕಾಯಿದೆ ಹೋಯಿತು. ನಮ್ಮ ಮನಸ್ಸಿನ ದಪ್ತರದಿಂದ ಅದು ಹೋಗಿದೆಯೇ? ಹುಟ್ಟಿನಿಂದ ಯಾರೂ ಮೇಲಲ್ಲವೆಂದು ಸಾರಿದ ಧರ್ಮದವರು, ಹುಟ್ಟಿನಿಂದ ಒಬ್ಬನನ್ನು ಕಳ್ಳನೆಂದು ಬಗೆಯುವುದು ಹೇಗೆ?

2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೋ ಬಂಗಾರ ಕಳುವಾಯಿತು. ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿಗೆ ಸಮೀಪದ ಊರದು. ಪೊಲೀಸರು ಬಂಧಿಸಿದ ಆರೋಪಿಗಳಲ್ಲಿ ಅದೇ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕನಾಗಿದ್ದವನೂ ಒಬ್ಬನು. ಆರೋಪದ ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಇಂಥ ಆರೋಪವು ಕುರ್ಚಿಯ ಮೇಲೆ ಕುಳಿತ ವಿದ್ಯಾವಂತನ ಮೇಲೂ ಬರಬಹುದೆಂಬುದನ್ನು ಕಂಡ ಮೇಲೂ, ಗುಡಾರದ ಕಡೆಗೇ ಬೆರಳು ತೋರಿಸುವುದು ಸಲ್ಲದು.

ಕಳ್ಳನು ಕೈಗೆ ಸಿಕ್ಕಾಗಲೂ ಭಂಡಾರಿಯು ನ್ಯಾಯಾಧೀಶನಾಗಬಾರದು. ಮನೆಯನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಕಾನೂನು ಕೊಟ್ಟಿದೆ; ಅವಶ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕನ್ನು ಕೊಟ್ಟಿಲ್ಲ. ಘೋರಾಪರಾಧವನ್ನು ಕಣ್ಣೆದುರು ಮಾಡಿದವನನ್ನು ಸಾಮಾನ್ಯ ನಾಗರಿಕನೂ ಹಿಡಿಯಬಹುದು, ಆದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕೆಂದು ಹೊಸ ಸಂಹಿತೆಯು ವಿಧಿಸುತ್ತದೆ. ಕಂಬಕ್ಕೆ ಕಟ್ಟಿ ಹೊಡೆಯುವ ಗುಂಪಿನಲ್ಲಿ ಒಂದು ಕೈ ನಿಮ್ಮದಾದರೆ, ಕಳ್ಳನು ಒಯ್ಯಲಾರದೆ ಬಿಟ್ಟ ಮನುಷ್ಯತ್ವವನ್ನು ನೀವೇ ಹೊರಗೆ ಚೆಲ್ಲಿದಂತಾಯಿತು.

ಶರಣರ ಸಮೂಹದಲ್ಲಿ ಕನ್ನದ ಮಾರಿತಂದೆ ಎಂಬವನೊಬ್ಬನಿದ್ದನು. ಪೂರ್ವದಲ್ಲಿ ಕನ್ನ ಕೊರೆಯುವುದೇ ಅವನ ವೃತ್ತಿ. ಆ ಹೆಸರನ್ನು ಅವನು ಮರೆಮಾಡಲಿಲ್ಲ, ಶರಣರೂ ಅದಕ್ಕಾಗಿ ಅವನನ್ನು ಹೊರಗಿಡಲಿಲ್ಲ. ಕತ್ತಲೆಯಲ್ಲಿ, ನಿದ್ರಿಸುವವರ ಮನೆಯನ್ನು ಹೊಗುವುದು ತನ್ನ ಚೋರವಿದ್ಯೆಗೇ ಅವಮಾನವೆಂದೂ, ಮರೆತವರನ್ನು ಎಬ್ಬಿಸಿ ಅವರವರ ಒಡವೆಯನ್ನು ಅವರಿಗೆ ತೋರಿಸುವುದೇ ತನ್ನ ಕನ್ನವೆಂದೂ ಅವನು ತನ್ನ ವಚನದಲ್ಲಿ ಹೇಳುತ್ತಾನೆ. ಕಳ್ಳನಾಗಿದ್ದವನು ಕಾವಲುಗಾರನಾದನು. ನಾವು ಅಂದು ಕಲ್ಯಾಣದಲ್ಲಿದ್ದು, ಅವನ ಹೆಸರನ್ನು ಕೇಳಿದೊಡನೆ ಬಾಗಿಲಿಕ್ಕಿಕೊಂಡಿದ್ದರೆ ಆ ಮಾತು ನಮಗೆ ದೊರೆಯುತ್ತಿರಲಿಲ್ಲ.

ಆದುದರಿಂದ ಸದ್ಭಕ್ತರೇ, ಮನೆಗೆ ಬೀಗ ಹಾಕಿರಿ; ಚೆನ್ನಾಗಿಯೇ ಹಾಕಿರಿ. ಕಾಯುವಾಗ ಒಪ್ಪಿಸಿದವರ ಮುಖವನ್ನು ನೆನೆದು ಭಂಡಾರಿಗಳಾಗಿರಿ. ಇಷ್ಟಾದ ಮೇಲೂ ಕಳೆದುಹೋದರೆ ಪೊಲೀಸರಿಗೆ ತಿಳಿಸಿರಿ, ಬರುವುದನ್ನು ಧೈರ್ಯದಿಂದ ಎದುರಿಸಿರಿ. ನಿರಪರಾಧಿಯ ಹೆಸರನ್ನು ಮಾತ್ರ ಬಾಯಿಗೆ ತರಬೇಡಿರಿ. ಹೋದ ಒಡವೆಯನ್ನು ಮತ್ತೆ ಮಾಡಿಸಬಹುದು. ಸುಳ್ಳು ಸಂಶಯದಿಂದ ಕಳೆದ ಬಡವನ ಮಾನವನ್ನು ಯಾವ ಅಕ್ಕಸಾಲಿಗನೂ ಎರಕ ಹೊಯ್ದು ಕೊಡಲಾರನು. ಅದನ್ನು ಕಾಯುವ ಭಾರವೂ ಭಂಡಾರಿಯಾದ ನಿಮ್ಮದೇ.